ಎಲ್ಲರ ‘ನಾನು’ ನಾನಾಗಿದ್ದ ಬೆಳಿಗ್ಗೆ

ಫೋನು ಬಂದಾಗ ನಾನು ಟ್ರಾಮಿನಲ್ಲಿದ್ದೆ. ಇಲ್ಲ, ಮನೆಯಲ್ಲಿದ್ದೆ. ಒಲೆಯ ಮೇಲೆ ಚಿತ್ರಾನ್ನದ ಒಗ್ಗರಣೆ ಇತ್ತು, ಮಾತಾಡುತ್ತಿದ್ದಂತೆ ಸಾಸಿವೆ ಸೀದುಹೋಯಿತು. ಈ ಪ್ರಸಂಗದಲ್ಲಿ ಮುಂದೆ ಒಂದು ಟ್ರಾಮ್ ಬರುತ್ತದೆ, ಅದಕ್ಕೇ ನೆನಪು ನನ್ನನ್ನೂ ಟ್ರಾಮಿಗೆ ಹತ್ತಿಸಿಬಿಟ್ಟಿದೆ. ನೆನಪಿನ ಈ ಅಚ್ಚುಕಟ್ಟುತನ ನನಗೆ ಆಗಿಬರುವುದಿಲ್ಲ. ಎಲ್ಲಿ ಖಾತ್ರಿಯಿಲ್ಲವೋ ಅಲ್ಲಿ ಇಲ್ಲವೆಂದೇ ಹೇಳುತ್ತ ಹೋಗುತ್ತೇನೆ.

“ನಿಮಗೆ ಕನ್ನಡ ಬರುತ್ತದೆಯಲ್ಲವೇ? ನಾಳೆ ಬೆಳಿಗ್ಗೆ ಕೋರ್ಟಿನಲ್ಲಿ ಬೇಕು,” ಎಂದಳು ದುಭಾಷಿಗಳನ್ನು ಗೊತ್ತುಮಾಡುವ ಕಚೇರಿಯವಳು.

ಕೋರ್ಟಿನಲ್ಲಿ ಕನ್ನಡ! ಡಾಕ್ಟರೇಟ್ ಮಾಡಲು ಸ್ವೀಡನ್ನಿನ ಗೋಥೆನ್‌ಬರ್ಗಿಗೆ ಬಂದು, ಅದು ಮುಗಿದ ಮೇಲೆ ಇಲ್ಲೇ ಉಳಿದು, ಬಿಡುವಿನ ಕೆಲಸವೆಂದು ದುಭಾಷಿಯಾಗಿ ಹೆಸರು ಬರೆಸಿದ್ದೆ. ನನ್ನನ್ನು ಕರೆಯುವವರೇ ಇರಲಿಲ್ಲ. ಇಲ್ಲಿನ ಕನ್ನಡಿಗರೆಲ್ಲ ಇಂಗ್ಲಿಷಿನಲ್ಲೇ ಬದುಕು ಸಾಗಿಸುವವರು. ಬಂದರೆ ಯಾರದೋ ಅತ್ತೆಯ ಮಂಡಿನೋವು, ಆಸ್ಪತ್ರೆಯಲ್ಲಿ ಅರ್ಧ ಗಂಟೆ. ಆ ರಾತ್ರಿ ಕನ್ನಡಿಯ ಮುಂದೆ ನಿಂತು ‘ಬಂಧನ’, ‘ಆರೋಪ’, ‘ವಶ’ ಎಂದೆಲ್ಲ ಹೇಳಿಕೊಂಡೆ. ಇನ್ನೊಬ್ಬರ ಕಷ್ಟದ ಮುನ್ನಾ ದಿನ ನನಗೆ ಹಬ್ಬದ ಮುನ್ನಾ ದಿನದ ಸಡಗರ. ಅದು ಹಾಗೇ ಇತ್ತು, ತಿದ್ದುವುದಿಲ್ಲ.

ಕೆಲಸದ ನಿಯಮ ಒಂದಿದೆ, ಅದನ್ನು ಹೇಳದೆ ಮುಂದಿನದು ತಿಳಿಯುವುದಿಲ್ಲ. ಆರೋಪಿ ‘ನಾನು’ ಅಂದರೆ ದುಭಾಷಿಯೂ ‘ನಾನು’ ಅನ್ನಬೇಕು. ವಕೀಲರು ‘ನಾನು’ ಅಂದರೂ ನಾನು, ನ್ಯಾಯಾಧೀಶರು ಅಂದರೂ ನಾನು. ದುಭಾಷಿಗೆ ತನ್ನದೇ ಏನಾದರೂ ಕೇಳಬೇಕಾದರೆ ಮಾತ್ರ ‘ದುಭಾಷಿ ಕೇಳುತ್ತಾಳೆ’ ಎಂದು, ಬೇರೆ ಯಾರೋ ಎಂಬಂತೆ ಹೇಳಬೇಕು. ಗೊತ್ತಿರುವುದನ್ನು ಸೇರಿಸುವಂತಿಲ್ಲ, ವಿವರಿಸುವಂತಿಲ್ಲ, ಸಮಾಧಾನ ಹೇಳುವಂತಿಲ್ಲ. ವಕೀಲರ ಜೊತೆ ಮುಚ್ಚಿದ ಕೋಣೆಯಲ್ಲಿ ಕೇಳಿದ್ದನ್ನು ಎಂದೂ ಹೊರಗೆ ಆಡುವಂತಿಲ್ಲ, ಅದನ್ನು ಇಲ್ಲಿಯೂ ಆಡುವುದಿಲ್ಲ. ಆದರೆ ಅಂದಿನ ವಿಚಾರಣೆ ತೆರೆದ ಬಾಗಿಲಿನದು. ಯಾರು ಬೇಕಾದರೂ ಬಂದು ಹಿಂದೆ ಕೂರಬಹುದಿತ್ತು. ಆರೋಪಿಯ ಮಗಳೂ ಅಳಿಯನೂ ಬಂದು ಕೂತಿದ್ದರು.

ಆರೋಪಿ ಆ ಮಗಳ ತಾಯಿ. ಅರವತ್ತು ದಾಟಿದಾಕೆ, ಮಗಳ ಮನೆಗೆಂದು ಬೇಸಿಗೆಗೆ ಬಂದವರು. ವಿಚಾರಣೆಗೆ ಮುಂಚೆ ಜನರನ್ನಿಡುವ ಜೈಲನ್ನು ಇಲ್ಲಿ ಹೆಕ್ಟೆ ಅನ್ನುತ್ತಾರೆ. ಅಲ್ಲಿಂದ ಇಬ್ಬರು ಕಾವಲಿನವರು ಅವರನ್ನು ನೆಲಮಾಳಿಗೆಯ ಲಿಫ್ಟಿನಲ್ಲಿ ಮೇಲೆ ತಂದರು. ಅಲ್ಲಿನವರು ಕೊಟ್ಟ ಬೂದು ಪ್ಯಾಂಟು, ದೊಗಲೆ ಅಂಗಿ, ಕಾಲಿಗೆ ರಬ್ಬರ್ ಚಪ್ಪಲಿ. ಬಾಗಿಲಲ್ಲಿ ಕಾವಲಿನ ಹುಡುಗಿ ಕೈಕೋಳ ತೆಗೆದಳು. ಹಿಡಿದ ದಿನದಿಂದ ಮಗಳ ಜೊತೆ ಫೋನಿನಲ್ಲಿ ಮಾತಾಡಲೂ ಬಿಟ್ಟಿರಲಿಲ್ಲ. ತನಿಖೆ ನಡೆಯುವಾಗ ಹಾಗೆ ತಡೆಯುವುದುಂಟು. ಈಗಲೂ ಇಬ್ಬರೂ ಒಂದೇ ಕೋಣೆಯಲ್ಲಿ, ಒಬ್ಬರನ್ನೊಬ್ಬರು ನೋಡಬಹುದು, ಮಾತು ಕೂಡದು.

ಕೋರ್ಟು ಕೋರ್ಟಿನಂತಿರಲಿಲ್ಲ. ಕರಿ ಕೋಟಿಲ್ಲ, ಸುತ್ತಿಗೆಯಿಲ್ಲ. ಬಿಳಿ ಮರದ ಮೇಜುಗಳು, ನೀರಿನ ಹೂಜಿ, ಉಣ್ಣೆಯ ಅಂಗಿ ತೊಟ್ಟ ನ್ಯಾಯಾಧೀಶೆ. ಎತ್ತರದ ಪ್ರಾಸಿಕ್ಯೂಟರ್ ತನ್ನ ಸೈಕಲ್ ಹೆಲ್ಮೆಟ್ಟನ್ನು ಮೇಜಿನ ಮೇಲೆಯೇ ಇಟ್ಟಿದ್ದ. ಆರೋಪಿಯ ಎಡಕ್ಕೆ ನಾನು, ಬಲಕ್ಕೆ ಸರ್ಕಾರವೇ ನೇಮಿಸಿದ ವಕೀಲೆ. ನಾನು ಪ್ರಮಾಣ ಮಾಡಿದೆ. ಒಳಗಿದ್ದದ್ದು ಖುಷಿಯೋ ಹೆದರಿಕೆಯೋ ಗೊತ್ತಾಗಲಿಲ್ಲ.

“ಈ ಹೆಂಗಸು ಟ್ರಾಮ್ ನಿಲ್ದಾಣದಿಂದ ತನಗೆ ಸಂಬಂಧವಿಲ್ಲದ ಎರಡು ವರ್ಷದ ಮಗುವನ್ನು ಎತ್ತಿಕೊಂಡು ಟ್ರಾಮ್ ಹತ್ತಿದ್ದಾರೆ,” ಎಂದ ಪ್ರಾಸಿಕ್ಯೂಟರ್. “ತಾಯಿ ಪಕ್ಕದ ಅಂಗಡಿಯಲ್ಲಿದ್ದರು. ಹೊರಗೆ ಬಂದಾಗ ಮಗು ಇರಲಿಲ್ಲ. ಆರೋಪಿ ಪ್ರವಾಸಿ, ದೇಶ ಬಿಟ್ಟು ಹೋಗಬಹುದು. ತನಿಖೆ ಮುಗಿಯುವವರೆಗೆ ಅವರನ್ನು ಹೆಕ್ಟೆಯಲ್ಲೇ ಇಡಬೇಕೆಂದು ನಾನು ಕೋರುತ್ತೇನೆ.”

ಹೀಗೆ ಆಕೆಯ ಕಿವಿಯಲ್ಲಿ ಕನ್ನಡದಲ್ಲಿ, ಮೆಲುದನಿಯಲ್ಲಿ, ಆಕೆಯನ್ನು ಒಳಗಿಡಬೇಕೆಂದು ಕೋರಿದವಳು ನಾನೇ. ಆಕೆ ಬೆಚ್ಚಿ ನನ್ನತ್ತ ತಿರುಗಿದರು. “ಯಾಕಮ್ಮಾ? ನಾನೇನ್ ಮಾಡಿದ್ದೆ ನಿಂಗೆ?”

ಅದನ್ನೂ ಅನುವಾದಿಸಬೇಕಿತ್ತು, ಅನುವಾದಿಸಿದೆ. ಪ್ರಾಸಿಕ್ಯೂಟರ್ ತನ್ನನ್ನೇ ಕೇಳಿದರೆಂದು ತಿಳಿದು ಗಂಭೀರವಾಗಿ, “ನನಗೇನೂ ಮಾಡಿಲ್ಲ,” ಎಂದ.

ನ್ಯಾಯಾಧೀಶೆ ಕೇಳಿದಳು, “ಆರೋಪವನ್ನು ಒಪ್ಪುತ್ತೀರಾ?”

ಆಕೆ ಎದ್ದು ನಿಂತರು. ಕೂತೇ ಮಾತಾಡಬಹುದು ಎಂದರೂ ಕೂರಲಿಲ್ಲ. “ಮಗೂನ್ ಎತ್ಕಂಡಿದ್ದು ನಿಜ ತಾಯೀ, ಕದ್ದಿಲ್ಲ. ಅಳ್ತಿತ್ತು ಕೂಸು. ನೀಲಿ ಕೋಟ್ ಹಾಕ್ಕಂಡೋಳು ಒಬ್ಳು ಮಕ್ಕಳ್ನ ಕೂರ್ಸಿ ತಳ್ಳೋ ಗಾಡಿ ಹತ್ತಿಸ್ಕಂಡು ಆಗ್ತಾನೆ ಟ್ರಾಮಲ್ಲಿ ಹೋದ್ಲು. ಅವಳೇ ಅಮ್ಮ, ಗಡಿಬಿಡೀಲಿ ಇದನ್ನ ಬಿಟ್ಟೋಗವ್ಳೆ ಅಂದ್ಕಂಡೆ. ನಮ್ ಕಡೆ ಬಸ್ಸಲ್ಲಿ ಆಗಲ್ವಾ? ಮುಂದಿನ್ ಸ್ಟಾಪಲ್ ಇಳ್ದು ಬಾಯ್ ಬಡ್ಕೊಂಡ್ ನಿಂತಿರ್ತಾರೆ. ಹಿಂದಿನ್ ಬಸ್ಸಲ್ಲಿ ಯಾರೋ ತಂದ್ಕೊಡ್ತಾರೆ. ಹಂಗೇ ಹಿಂದಿನ್ ಟ್ರಾಮ್ ಹತ್ತಿದೆ.”

“ನಿಲ್ದಾಣದಲ್ಲಿದ್ದವರನ್ನು ಯಾಕೆ ಕೇಳಲಿಲ್ಲ?” ಎಂದ ಪ್ರಾಸಿಕ್ಯೂಟರ್.

“ಕೇಳ್ದೆ. ಎಲ್ರೂ ಕಿವೀಗ್ ಏನೋ ಸಿಗಿಸ್ಕಂಡ್ ನಿಂತಿದ್ರು. ಒಬ್ಬ ನಕ್ಕ. ಇನ್ನೊಬ್ಬ ಜಾಗ ಬಿಟ್ಟು ಅತ್ಲಾಗ್ ಹೋದ.”

ಹಿಂದೆ ಅಳಿಯ ಗೊಳ್ಳೆಂದು ನಕ್ಕು ತಕ್ಷಣ ಕೆಮ್ಮಿದ. ನನಗೂ ನಗು ಬಂತು, ಆದರೆ ಆ ಹೊತ್ತಿಗೆ ನಾನು ಆಕೆಯಾಗಿದ್ದೆ, ಆಕೆ ನಗುತ್ತಿರಲಿಲ್ಲ.

ಆಕೆಯ ಮಾತು ಗೆಲ್ಲುವಂತಿತ್ತು. ಮಗುವನ್ನು ಪೊಲೀಸರು ಅಂದೇ ತಾಯಿಗೆ ಒಪ್ಪಿಸಿದ್ದರೆಂದು ನನ್ನ ಮುಂದಿದ್ದ ಕಾಗದದಲ್ಲಿತ್ತು, ಅದನ್ನು ಯಾರೂ ಗಟ್ಟಿಯಾಗಿ ಓದಿರಲಿಲ್ಲ. ಅಷ್ಟರಲ್ಲಿ ಪ್ರಾಸಿಕ್ಯೂಟರ್, ಟ್ರಾಮಿನಲ್ಲಿದ್ದ ಪ್ರಯಾಣಿಕನೊಬ್ಬನ ಹೇಳಿಕೆ ಆ ಬೆಳಿಗ್ಗೆಯಷ್ಟೇ ಬಂದಿದೆ ಎಂದ. ಆರೋಪಿ ಮಗುವಿನ ಮುಖವನ್ನು ಎರಡೂ ಕೈಯಿಂದ ಹಿಡಿದರು, ಆಮೇಲೆ ಮುಷ್ಟಿ ಬಿಗಿದು ತಮ್ಮ ತಲೆಗೆ ಒತ್ತಿಕೊಂಡರು, ಮಗು ಇನ್ನಷ್ಟು ಅತ್ತಿತು. ಟ್ರಾಮಿನ ಕ್ಯಾಮೆರಾದಲ್ಲೂ ಅದು ಮಸುಕಾಗಿ ಕಾಣುತ್ತದೆ. ಇದು ಬೆದರಿಕೆ, ಇಲ್ಲವೇ ಹಿಡಿತ ತಪ್ಪಿದ ಮನಃಸ್ಥಿತಿ.

ನನಗೆ ತಕ್ಷಣ ಹೊಳೆಯಿತು. ಓದುತ್ತಿರುವ ನಿಮಗೂ ಹೊಳೆದಿರಬಹುದು. ಆ ಕೋಣೆಯಲ್ಲಿ ತೀರ್ಮಾನ ಮಾಡಬೇಕಾದ ಯಾರಿಗೂ ಹೊಳೆಯುವಂತಿರಲಿಲ್ಲ. ಹಿಂದೆ ಮಗಳು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಅವಳು ಮಾತಾಡಿದರೆ ಹೊರಗೆ ಕಳಿಸುತ್ತಾರೆ. ನಾನು ಮಾತಾಡಿದರೆ ನಾನು ದುಭಾಷಿಯಲ್ಲ, ಸಾಕ್ಷಿ. ಹೇಳಿದ್ದನ್ನು ಹೇಳಿದಂತೆಯೇ ಕನ್ನಡಕ್ಕೆ ತಂದೆ: ಮುಖ ಹಿಡಿದಿರಿ, ಮುಷ್ಟಿ ಬಿಗಿದಿರಿ, ತಲೆಗೆ ಒತ್ತಿಕೊಂಡಿರಿ.

“ಇಲ್ವೇ ಇಲ್ಲ!” ಎಂದರು ಆಕೆ. “ನಾನ್ಯಾಕ್ ತಲೆ ತಲೆ ಚಚ್ಕೊಳ್ಳಿ? ಹುಚ್ಚಾ ನಂಗೆ?”

ವಕೀಲೆ ಕಣ್ಣು ಮುಚ್ಚಿಕೊಂಡಳು. ಕ್ಯಾಮೆರಾದಲ್ಲಿ ಇರುವುದನ್ನು ತನ್ನ ಕಕ್ಷಿದಾರಳೇ ಇಲ್ಲವೆಂದರೆ ಮಗುವನ್ನು ತಾಯಿಗೆ ಮುಟ್ಟಿಸಲು ಹೊರಟಿದ್ದೆ ಎಂಬ ಮಾತನ್ನು ಯಾರು ನಂಬುತ್ತಾರೆ? ನ್ಯಾಯಾಧೀಶೆ ಪೆನ್ನೆತ್ತಿಕೊಂಡಳು. ಲಿಫ್ಟಿನ ಬಾಗಿಲ ಬಳಿ ಕಾವಲಿನ ಹುಡುಗಿ ಸರಿದು ನಿಂತಳು. ಇನ್ನೊಂದು ನಿಮಿಷದಲ್ಲಿ ಈ ಹೆಂಗಸು ವಾರಗಟ್ಟಲೆ ಕೆಳಗೆ ಹೋಗುತ್ತಾರೆ ಎಂದು ನನಗೆ ಅನ್ನಿಸಿತು.

“ದುಭಾಷಿ ಕೇಳುತ್ತಾಳೆ,” ಎಂದೆ.

ಎಲ್ಲರೂ ನನ್ನತ್ತ ನೋಡಿದರು. ಆ ಬೆಳಿಗ್ಗೆ ಅದೇ ಮೊದಲ ಸಲ ನಾನು ನಾನಾಗಿದ್ದು, ಅದೂ ‘ಅವಳು’ ಆಗಿ.

“ಆ ಚಲನೆಯನ್ನು ಮಾತಿನಲ್ಲಿ ಸರಿಯಾಗಿ ಅನುವಾದಿಸಲು ದುಭಾಷಿಗೆ ಕಷ್ಟ. ಪ್ರಾಸಿಕ್ಯೂಟರ್ ಅದನ್ನು ಮಾಡಿ ತೋರಿಸಬಹುದೇ?”

ಅದು ನಿಯಮದೊಳಗಿನ ಪ್ರಶ್ನೆ. ಸ್ಪಷ್ಟತೆ ಬೇಕೆಂದು ಕೇಳುವ ಹಕ್ಕು ನಮಗಿದೆ. ಸ್ಪಷ್ಟತೆಗಾಗಿಯೇ ಕೇಳಿದೆನೋ, ಆಕೆಗಾಗಿ ಕೇಳಿದೆನೋ? ಕೆಲವು ಸಲ ಹೇಳುವಾಗ ನಾನು ಜಾಣೆ, ಕೆಲವು ಸಲ ಬರೀ ಪ್ರಾಮಾಣಿಕ ಕೆಲಸಗಾರ್ತಿ. ಎರಡೂ ನಿಜವಾಗಿ ಕೇಳಿಸುವುದರಿಂದ ಎರಡರ ಮೇಲೂ ನನಗೆ ನಂಬಿಕೆಯಿಲ್ಲ. ಪ್ರಶ್ನೆ ಕೇಳಿದ್ದಂತೂ ನಿಜ.

ನ್ಯಾಯಾಧೀಶೆ ತಲೆಯಾಡಿಸಿದಳು. ಪ್ರಾಸಿಕ್ಯೂಟರ್ ಎದ್ದ. ಹೇಳಿಕೆಯನ್ನು ಇನ್ನೊಮ್ಮೆ ಓದಿಕೊಂಡು, ಮುಂದೆ ಮಗುವಿದೆಯೆಂಬಂತೆ ಉದ್ದ ತೋಳುಗಳನ್ನು ಚಾಚಿ ಗಾಳಿಯ ಕೆನ್ನೆಗಳನ್ನು ಹಿಡಿದ. ಆಮೇಲೆ ಎರಡು ಮುಷ್ಟಿಗಳನ್ನು ತನ್ನ ಕಿವಿಗಳ ಮೇಲೆ ಇಟ್ಟುಕೊಂಡು, ಟೋಪಿ ಸರಿಮಾಡಿಕೊಳ್ಳುವ ಕರಡಿಯಂತೆ ನಿಂತ.

ಆಕೆ ಒಂದು ಕ್ಷಣ ನೋಡಿದರು. ಮುಖ ಅರಳಿಹೋಯಿತು.

“ಅಯ್ಯೋ, ನೆಟಿಗೆ ಮುರ್ದಿದ್ದಾ! ಹಂಗಲ್ಲ ಕಣಪ್ಪ, ನಿಂಗೆ ಬರ್ಲೇ ಇಲ್ಲ!”

ಅಂದವರೇ ನನ್ನತ್ತ ತಿರುಗಿ, ನಾನು ಹಿಂದೆ ಸರಿಯುವ ಮುಂಚೆಯೇ ಎರಡೂ ಅಂಗೈಗಳಿಂದ ನನ್ನ ಹಣೆಯಿಂದ ಗಲ್ಲದವರೆಗೆ ನೀವಿ, ಬೆರಳು ಮಡಿಸಿ ತಮ್ಮ ಹಣೆಯ ಪಕ್ಕಕ್ಕೆ ಒತ್ತಿದರು. ಲಟಲಟಲಟ. ಮೇಜಿನ ಮೈಕು ಅದನ್ನು ಹಿಡಿದು ಕೋಣೆಗೆಲ್ಲ ಕೊಟ್ಟಿತು. ಕಾವಲಿನ ಹುಡುಗಿ ಒಂದೇ ನೆಗೆತಕ್ಕೆ ನಮ್ಮ ಹಿಂದೆ ಬಂದು ನಿಂತಳು.

“ಏನದು?” ಎಂದಳು ನ್ಯಾಯಾಧೀಶೆ. “ಮೂಳೆಯೇ?”

“ಎಷ್ಟ್ ಮುರೀತು ಕೇಳಿದ್ರಾ? ಅಷ್ಟ್ ದೃಷ್ಟಿಯಾಗಿದೆ ಇವಳಿಗೆ,” ಎಂದರು ಆಕೆ ನನ್ನನ್ನು ತೋರಿಸುತ್ತ. “ಆ ಕೂಸು ಬೆಣ್ಣೆ ಮುದ್ದೆ ಹಂಗಿತ್ತು. ಟ್ರಾಮ್ ತುಂಬ ಜನ ಅದನ್ನೇ ನೋಡ್ತಿದ್ರು. ಯಾರ್ ಕಣ್ಣೂ ಬೀಳ್ದೇ ಇರ್ಲಿ, ಅವ್ರಮ್ಮಂಗೆ ನೆಟ್ಟಗೆ ಸಿಗ್ಲಿ ಅಂತ ತೆಗ್ದೆ. ತಪ್ಪಾ?”

ಕೆನ್ನೆ ಬಿಸಿಯಾಗಿತ್ತು. ಆದರೂ ನಿಯಮ ನಿಯಮವೇ. ಸ್ವೀಡಿಷಿನಲ್ಲಿ, ಗಟ್ಟಿ ದನಿಯಲ್ಲಿ, ನಾನು ಹೇಳಿದೆ: ನನ್ನ ಬೆರಳುಗಳು ಎಷ್ಟು ಸದ್ದು ಮಾಡಿದವೋ, ಅಷ್ಟು ಕೆಟ್ಟ ಕಣ್ಣುಗಳು ಈ ದುಭಾಷಿಯ ಮೇಲೆ ಬಿದ್ದಿವೆ. ಮಗು ಬೆಣ್ಣೆಯ ಮುದ್ದೆಯಂತಿತ್ತು. ಅದು ತಾಯಿಗೆ ಕ್ಷೇಮವಾಗಿ ಸಿಗಲೆಂದು ಹೀಗೆ ಮಾಡಿದೆ. ಇದು ತಪ್ಪೇ?

ನ್ಯಾಯಾಧೀಶೆ ನಕ್ಕಳೆಂದು ನಾನು ಎಲ್ಲ ಕಡೆ ಹೇಳಿದ್ದೇನೆ. ನಗಲಿಲ್ಲ ಅನ್ನಿಸುತ್ತದೆ. ಕ್ಯಾಮೆರಾದ ಚಿತ್ರವನ್ನು ಇನ್ನೊಮ್ಮೆ ತನ್ನ ಪರದೆಯ ಮೇಲೆ ತರಿಸಿ ನೋಡಿದಳು. ಎರಡು ಸಲವೋ ಮೂರು ಸಲವೋ. ಆಮೇಲೆ ಎಲ್ಲರನ್ನೂ ಹೊರಗೆ ಕಳಿಸಿದಳು. ಹೊರಗೆ ನಿಂತ ಅಷ್ಟು ಹೊತ್ತೂ ಕಾವಲಿನವರ ನಡುವೆ ನಿಂತ ಆಕೆಯನ್ನು ನಾನು ನೋಡಲಿಲ್ಲ. ನೋಡಿದರೆ ಮಾತಾಡಿಬಿಡುತ್ತಿದ್ದೆ.

ಮತ್ತೆ ಒಳಗೆ ಕರೆದಾಗ ತೀರ್ಮಾನ ಚಿಕ್ಕದಿತ್ತು. ತನಿಖೆ ಮುಂದುವರಿಯಬಹುದು, ಆದರೆ ಬಂಧನದಲ್ಲಿಡಲು ಕಾರಣ ಸಾಲದು. “ನಿಮ್ಮನ್ನು ಈಗಲೇ ಬಿಡುಗಡೆ ಮಾಡುತ್ತಿದ್ದೇನೆ,” ಎಂದೆ ನಾನು, ನ್ಯಾಯಾಧೀಶೆಯಾಗಿ. ನನ್ನ ಜನ್ಮದಲ್ಲಿ ಅಂಥ ವಾಕ್ಯ ಇನ್ನೊಂದು ಹೇಳಿಲ್ಲ. ದನಿ ಒಡೆಯಿತು. ಅದು ಅನುವಾದದಲ್ಲಿ ಇರಬಾರದಿತ್ತು.

ಹೊರಗಿನ ಓಣಿಯಲ್ಲಿ ಮಗಳು ಅಮ್ಮನನ್ನು ತಬ್ಬಿಕೊಂಡು, ಬಿಟ್ಟು, ಬೈಯಲು ಶುರುಮಾಡಿದಳು.

“ಎಷ್ಟ್ ಸಲ ಹೇಳಿದ್ನಮ್ಮಾ, ಇಲ್ಲಿ ಯಾರ್ ಮಕ್ಳನ್ನೂ ಟಚ್ ಮಾಡ್ಬೇಡ ಅಂತ!”

“ಅಳ್ತಿತ್ತಲ್ಲೇ.”

“ಅತ್ರೆ ಅಳ್ಲಿ! ಪೊಲೀಸ್‌ಗೆ ಕಾಲ್ ಮಾಡ್ಬೇಕು.”

“ಅವರೇ ಬಂದ್ರಲ್ಲ.”

ಅಳಿಯ ಗೋಡೆಗೆ ಮುಖ ಮಾಡಿ ನಗತೊಡಗಿದ. ಕಾವಲಿನ ಹುಡುಗಿ ಕೆಳಗಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದುಕೊಟ್ಟಳು. ಸೀರೆ, ಸ್ವೆಟರ್, ಬಳೆ, ತಾಳಿ, ಒಂದು ಜೊತೆ ಕಾಲುಂಗುರ. ಕಾಲುಂಗುರಗಳನ್ನು ಬೆಳಕಿಗೆ ಹಿಡಿದು, ಇವು ಯಾವ ಬೆರಳಿನವು ಎಂದು ನನ್ನನ್ನು ಕೇಳಿದಳು. ನನ್ನ ಕೆಲಸ ಮುಗಿದಿತ್ತು, ಇನ್ನು ನನಗೆ ಗೊತ್ತಿದ್ದದ್ದನ್ನು ಹೇಳಬಹುದಿತ್ತು. ಹೇಳಿದೆ. ಆಕೆ ಓಣಿಯ ನೆಲದ ಮೇಲೆಯೇ ಕೂತು ರಬ್ಬರ್ ಚಪ್ಪಲಿ ಬಿಚ್ಚಿದರು. ಊದಿಕೊಂಡ ಬೆರಳಿಗೆ ಉಂಗುರ ಏರಲಿಲ್ಲ. ಮಗಳು ಬೈಯುತ್ತಲೇ ಎದುರಿಗೆ ಕೂತು ಅಮ್ಮನ ಪಾದವನ್ನು ತನ್ನ ತೊಡೆಯ ಮೇಲೆಳೆದುಕೊಂಡಳು. ಫೈಲು ಹಿಡಿದ ವಕೀಲರು ಇಬ್ಬರನ್ನೂ ಬಳಸಿಕೊಂಡು ಅತ್ತಿತ್ತ ಓಡಾಡುತ್ತಿದ್ದರು.

“ಮೆಲ್ಲಗ್ ಕಣೇ,” ಎಂದರು ಆಕೆ. “ಆಮೇಲೆ, ಆ ಕೂಸು ಅವ್ರಮ್ಮಂಗೆ ಸಿಕ್ತೋ ಇಲ್ವೋ, ಅದನ್ ಯಾರೂ ಹೇಳ್ಲೇ ಇಲ್ವಲ್ಲ ನಂಗೆ?”

“ಸಿಕ್ಕಿತು,” ಎಂದೆ. ಯಾರ ಪರವಾಗಿಯೂ ಅಲ್ಲದೆ.