ಚಾಚಾನ ಎಂಜಿನ್ನಿನ ವಾರಸು

ಯಾರನ್ನಾದರೂ ಕಂಡು ತಾತ್ಸಾರ ಹುಟ್ಟಿದರೆ ಚಾಚಾನ ಮೂಗಿನ ಎಡ ಹೊಳ್ಳೆ ಮೊದಲು ಅರಳುತ್ತಿತ್ತು. ಮಾತು ಆಮೇಲೆ ಬರುತ್ತಿತ್ತು. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಮ್ಮ ಹಿಂದಿನ ಮನೆಯಲ್ಲಿದ್ದ ಅವರನ್ನು ನಾನು ಚಾಚಾ ಎನ್ನುತ್ತಿದ್ದೆ. ಮಿಲ್ಲೊಂದರಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತರಾದವರು. ನಾನು ಪಾಲಿಟೆಕ್ನಿಕ್ಕಿನ ಮೆಕ್ಯಾನಿಕಲ್ ಉಪನ್ಯಾಸಕ. ಆ ಹೊಳ್ಳೆ ನನ್ನನ್ನು ಕಂಡು ಅರಳಿದಷ್ಟು ಬೇರೆ ಯಾರನ್ನು ಕಂಡೂ ಅರಳಿರಲಿಕ್ಕಿಲ್ಲ. “ಬಂದ್ರಪ್ಪ, ಚಾಕ್‌ಪೀಸ್ ಎಂಜಿನಿಯರ್ ಸಾಹೇಬ್ರು,” ಎನ್ನುತ್ತಿದ್ದರು.

ಅವರ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಎದೆಮಟ್ಟದ ಗಾಲಿಗಳಿದ್ದ ಹಳೆಯ ಆಯಿಲ್ ಎಂಜಿನ್ ಒಂದಿತ್ತು. ಆನಗೋಡಿನ ಕಡೆ ಮುಚ್ಚಿಹೋದ ಹಿಟ್ಟಿನ ಗಿರಣಿಯಿಂದ ತುಕ್ಕಿನ ಮುದ್ದೆಯಾಗಿ ತಂದದ್ದು. ಹತ್ತು ವರ್ಷಕ್ಕೂ ಮಿಗಿಲಾಗಿ ಅದನ್ನು ಬಿಚ್ಚಿ, ತಿಕ್ಕಿ, ಇಲ್ಲದ ಭಾಗಗಳನ್ನು ತಾವೇ ಮಾಡಿ ಕೂಡಿಸುತ್ತ ಬಂದಿದ್ದರು. ಹೊಸ ಬೋಲ್ಟು ಹಾಕುವುದು ಅವಮಾನವೆಂದು ಗುಜರಿ ಅಂಗಡಿಗಳನ್ನು ಜಾಲಾಡಿ ಆ ಕಾಲದವನ್ನೇ ತರುತ್ತಿದ್ದರು. ನೋಡಿದವರಿಗೆ ಕೆಲಸ ಇನ್ನೇನು ಮುಗಿದಂತೆಯೇ ಕಾಣುತ್ತಿತ್ತು. ಆದರೆ ಒಮ್ಮೆಯೂ ಅದನ್ನು ಚಾಲೂ ಮಾಡಲಿಲ್ಲ. ಕೇಳಿದರೆ, “ಅವಸರ ಯಾರಿಗೈತೆ? ನಿನಗೋ, ಅದಕ್ಕೋ?” ಎಂದು ಬಾಯಿ ಮುಚ್ಚಿಸುತ್ತಿದ್ದರು.

ಆಮೇಲೆ ಕೈ ನಡುಗುವ ಕಾಯಿಲೆ ಬಂತು. ಒಂದು ಬೆಳಿಗ್ಗೆ ಬೋಲ್ಟು ಬಿಗಿಯುವ ಪಾನಾ ಮೂರು ಸಲ ಕೈಜಾರಿ ಬಿತ್ತು. ಮೂರನೆಯ ಸಲ ಅವರು ಅದನ್ನು ಎತ್ತಲಿಲ್ಲ.

“ಇದನ್ನ ಮುಗಿಸೋ ಮನುಷ್ಯನ್ನ ಹುಡುಕು. ದುಡ್ಡು ಬ್ಯಾಡ. ಕೆಲಸ ಗೊತ್ತಿರಬೇಕು, ಅಷ್ಟೆ.”

ನಾನು ಫೋಟೊ ತೆಗೆದು, ‘ಉತ್ತಮ ಸ್ಥಿತಿಯಲ್ಲಿದೆ’ ಎಂದು ಬರೆದು ಮೊಬೈಲಿನಲ್ಲಿ ಹಾಕಿದೆ. ಬಂದವರೇನು ಕಡಿಮೆಯಿರಲಿಲ್ಲ. ಎಂ.ಸಿ.ಸಿ. ಬಡಾವಣೆಯಲ್ಲಿ ಹೋಟೆಲ್ ತೆರೆಯಲಿದ್ದ ಒಬ್ಬಾತ, ಬಂಗಾರದ ಬಣ್ಣ ಬಳಿದು ಬಾಗಿಲಲ್ಲಿಡುತ್ತೇನೆ, ಜನ ಸೆಲ್ಫಿ ತೆಗೆದುಕೊಳ್ಳುತ್ತಾರೆ ಎಂದ. ಚಾಚಾ ಅವನನ್ನು ಮೇಲಿಂದ ಕೆಳಗೆ ನೋಡಿದರು. “ನಿಮ್ಮ ತಾತನಿಗೇ ಬಣ್ಣ ಬಳ್ದು ನಿಲ್ಲಿಸ್ರಿ. ಬಾಡಿಗೆ ಕೇಳಲ್ಲ.” ಇನ್ನೊಬ್ಬ ಹಳೆಯ ವಸ್ತುಗಳ ಸಂಗ್ರಹಕಾರ. ಕೈಗೆ ಬಿಳಿ ಗವಸು ತೊಟ್ಟುಕೊಂಡೇ ಬಂದಿದ್ದ. ಪರಂಪರೆಯ ಬಗ್ಗೆ ಅರ್ಧ ಗಂಟೆ ಕೊರೆದ. ಎಣ್ಣೆ ಎಲ್ಲಿ ಹಾಕ್ತಾರೆ ತೋರಿಸ್ರಿ ಎಂದು ಚಾಚಾ ಕೇಳಿದರೆ ನೀರು ಹೋಗುವ ತೂತನ್ನು ತೋರಿಸಿದ. ಅಂಥವರನ್ನು ಸಾಗಹಾಕಿ ಬಂದು ನಾವಿಬ್ಬರೂ ಚಹಾ ಕುಡಿಯುತ್ತ ನಗುತ್ತಿದ್ದೆವು. ಅವರ ಜೊತೆ ಸೇರಿ ನಗುವಾಗ ನನಗೂ ಕೆಲಸ ಗೊತ್ತಿದೆ ಎಂಬ ಭ್ರಮೆ ಬರುತ್ತಿತ್ತು.

ಕಡೆಗೆ ಹರಿಹರದಿಂದ ಒಬ್ಬ ಹೆಂಗಸು ಬಂದಳು. ನಲವತ್ತರ ಆಸುಪಾಸು. ಅಪ್ಪ ಬಿಟ್ಟುಹೋದ ಲೇತ್ ವರ್ಕ್‌ಶಾಪ್ ನಡೆಸುತ್ತಿದ್ದವಳು. ಚಾಚಾನ ಹೊಳ್ಳೆ ಅರಳಿತು. “ಯಾಕವ್ವ, ಮನ್ಯಾಗ ಗಂಡಸ್ರಿಲ್ಲೇನು?”

“ಅದಾರ. ಅನ್ನ ಮಾಡಾಕತ್ತಾರ. ಮುಚ್ಚಳ ತೆಗೀರಿ, ಒಳಗ ನೋಡಬೇಕು.”

ಅದುವರೆಗೆ ಯಾರೂ ಒಳಗೆ ನೋಡಬೇಕು ಅಂದಿರಲಿಲ್ಲ. ಚಾಚಾ ಅಲ್ಲಾಡಲಿಲ್ಲ. ಅವಳೇ ಪಾನಾ ಎತ್ತಿಕೊಂಡು ಸಿಲಿಂಡರಿನ ಮುಚ್ಚಳ ಬಿಚ್ಚಿ, ಪಿಸ್ಟನ್ ಹೊರತೆಗೆದಳು. ಅದರ ಸುತ್ತ ಕೂತಿದ್ದ ಒಂದು ರಿಂಗ್ ಬಿಚ್ಚಿ ಸಿಲಿಂಡರಿನ ಬಾಯಿಗೆ ಇಟ್ಟಳು. ರಿಂಗಿನ ಎರಡು ತುದಿಗಳ ನಡುವೆ ನನ್ನ ಉಗುರು ಹೋಗುವಷ್ಟು ಸಂದು. ಅದನ್ನೇ ಒಳಕ್ಕೆ ತಳ್ಳಿದಳು. ತುದಿಗಳು ಒಂದಕ್ಕೊಂದು ಕಚ್ಚಿ ನಿಂತವು.

“ಮ್ಯಾಲೆ ಸಡ್ಲ, ಕೆಳಗ ಬಿಗಿ. ಇದು ಸಿಲಿಂಡರ್ ಅಲ್ಲ, ಲಾಳಿಕೆ. ಚಾಲೂ ಮಾಡಿದ್ರ ಪಿಸ್ಟನ್ ಹಿಡ್ಕಂಡು ಹಾಳಾಗ್ತಿತ್ತು. ಯಾರ್ ಕೊರೆದ್ರಿ ಇದನ್ನ? ಕತ್ತೆ ಕೈಯಾಗ ಕೊಟ್ಟಿದ್ರೂ ಇದಕ್ಕಿಂತ ಚಂದ ಮಾಡ್ತಿತ್ತು.”

ಚಾಚಾ ತಮ್ಮ ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡರು.

“ನಾನೇ.”

ಅವಳು ತಪ್ಪಾಯಿತು ಅನ್ನಲಿಲ್ಲ. “ಹಂಗಾರ ನಿಮಗ ಗೊತ್ತಿತ್ತು.”

“ಗೊತ್ತಿತ್ತು. ಆರು ವರ್ಷ ಆತು.”

ಆರು ವರ್ಷ! ಅಷ್ಟು ದಿನ ಊರಿನ ಮಿಸ್ತ್ರಿಗಳನ್ನೆಲ್ಲ ಹೀಗಳೆದವರು, ತಮ್ಮ ಒಂದು ತಪ್ಪನ್ನು ಎಂಜಿನ್ನಿನ ಹೊರಗಿನ ಹಿತ್ತಾಳೆಗೆ ಪಾಲಿಶ್ ಹಾಕಿ ಮುಚ್ಚಿಟ್ಟಿದ್ದರು. ಅವರ ಮೇಲೆ ನನಗೆ ಹೇಸಿಗೆಯಾಯಿತು. ಮರುಕ್ಷಣ ನೆನಪಾಯಿತು: ಪ್ರತಿದಿನ ಬಂದು ಹೋಗುತ್ತಿದ್ದ ನಾನು ಒಮ್ಮೆಯೂ ಅದರೊಳಗೆ ಬೆರಳಿಟ್ಟು ನೋಡಿರಲಿಲ್ಲ. ‘ಉತ್ತಮ ಸ್ಥಿತಿ’ ಎಂದು ಬರೆದವನೂ ನಾನೇ. ಹೇಸಿಗೆಯ ಬಹುಪಾಲು ನನಗೇ ಸಲ್ಲಬೇಕಿತ್ತು.

“ತಗೊಂಡು ಹೋಗು ಬೇಟಿ,” ಎಂದರು ಚಾಚಾ. ಅವರ ದನಿ ಅಷ್ಟು ಸಣ್ಣಗಾಗಿದ್ದನ್ನು ನಾನು ಕೇಳಿರಲಿಲ್ಲ.

“ಒಯ್ತೀನಿ. ಆದ್ರ ನೀವೂ ಬರಬೇಕು. ಉಳಿದ ಕೆಲಸ ಭಾಳ ಚಲೋ ಐತೆ. ಹೆಂಗ್ ಮಾಡಿದ್ರಿ ಅಂತ ನನಗ ಹೇಳಿಕೊಡ್ರಿ.”

ಎರಡು ಭಾನುವಾರ ನನ್ನ ಸ್ಕೂಟರಿನ ಹಿಂದೆ ಕೂತು ಹರಿಹರಕ್ಕೆ ಬಂದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಅವಳು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದರು. ಯಾರನ್ನೂ ಬೈಯಲಿಲ್ಲ. ಮರಳುವಾಗ ಬೆನ್ನ ಹಿಂದಿನಿಂದ, “ಆಕಿ ಕೈ ನೋಡಿದ್ಯಾ? ನೋಡಿ ಕಲಿ,” ಎಂದರು. ಮೂರನೆಯ ಭಾನುವಾರಕ್ಕೆ ಮೊದಲೇ ತೀರಿಕೊಂಡರು.

ಎಂಜಿನ್ ಚಾಲೂ ಮಾಡುವ ದಿನ ಅವಳು ನನಗೆ ಹೇಳಿ ಕಳಿಸಿದಳು. ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಹಿಡಿದುಕೊಂಡಿತು. ಅಕ್ಕಪಕ್ಕದ ಅಂಗಡಿಯವರು ಬಂದು ಸುತ್ತ ನೆರೆದರು. ಯಾರೋ, “ಎಲ್ಲಾ ನೀನೇ ಮಾಡಿದ್ಯೇನಕ್ಕ?” ಎಂದು ಕೇಳಿದರು.

“ಸಿಲಿಂಡರ್ ಅಷ್ಟೇ ನಂದು,” ಎಂದಳು ಅವಳು, ಸದ್ದಿಗಿಂತ ಮೇಲೆ ಕೂಗಿ. “ಉಳಿದಿದ್ದೆಲ್ಲ ಚಾಚಾಂದು.”