ಬಾಣಂತಿ ಇಂಜಿನ್

ನಮ್ಮ ಲಾರಿಯ ಇಂಜಿನ್ನನ್ನು ಸೊಲ್ಲಾಪುರದಲ್ಲಿ ಬಿಚ್ಚಿಸಿ, ಸಿಲಿಂಡರ್ ಬೋರ್ ಮಾಡಿಸಿ, ಪಿಸ್ಟನ್ನು, ರಿಂಗು ಎಲ್ಲ ಹೊಸದು ಹಾಕಿಸಿ ತಂದ ವರ್ಷ ನಾನು ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಬಾಗೇವಾಡಿಯ ಮನೆಗೆ ಬಂದಿದ್ದೆ. ಲಾರಿಯನ್ನು ಅಂಗಳಕ್ಕೆ ತಂದು ನಿಲ್ಲಿಸಿದ ದಿನವೇ ಅಪ್ಪ ಹೇಳಿಬಿಟ್ಟರು: "ಇದು ಈಗ ಬಾಣಂತಿ. ಯಾರೂ ದಣಸಬ್ಯಾಡ್ರಿ."

ಆ ಮಾತನ್ನು ಅಕ್ಷರಶಃ ನಡೆಸಿದರು. ಬೆಳಗಿನ ಚಳಿಗಾಳಿ ತಾಗದಂತೆ ಲಾರಿಯ ಮೂತಿಗೆ ಗೋಣಿತಟ್ಟು ಕಟ್ಟುತ್ತಿದ್ದರು. ನಿಂತಲ್ಲೇ ಇಂಜಿನ್ ಚಾಲೂ ಮಾಡಿ, ಅದರ ಮೆಲು ಸದ್ದು ಕೇಳುತ್ತ ಚಹಾ ಕುಡಿಯುತ್ತಿದ್ದರು. ಆಮೇಲೆ ಸಿಂದಗಿ ರಸ್ತೆಯಲ್ಲಿ ಖಾಲಿ ಲಾರಿಯ ಸವಾರಿ. ಕ್ಯಾಬಿನ್ನಿನಲ್ಲಿ ಜಾಗವಿದ್ದುದರಿಂದ ನಾನೂ ಹೋಗುತ್ತಿದ್ದೆ. ಸೈಕಲ್ಲಿನವರು ನಮ್ಮನ್ನು ದಾಟಿ ಹೋಗುವಾಗ ತಿರುಗಿ ನೋಡಿ ನಗುತ್ತಿದ್ದರು. ಆ ನಿಧಾನ ನನಗೆ ಇಷ್ಟವಾಗಿತ್ತು. ಹೊಲದ ಕುಸುಬಿ ಹೂವನ್ನು ಒಂದೊಂದಾಗಿ ನೋಡಬಹುದಿತ್ತು.

ಸೊಲ್ಲಾಪುರದ ಮಿಸ್ತ್ರಿ ಮೊದಲು ಸಾವಕಾಶ ಓಡಿಸಿ, ಬರಬರುತ್ತ ಹೇರು ಹೆಚ್ಚಿಸಿ ಎಂದಿದ್ದನಂತೆ. ಅಪ್ಪ ಅದರ ಮೊದಲರ್ಧವನ್ನು ಮಾತ್ರ ಮನೆಗೆ ತಂದಿದ್ದರು.

ಅವರ ಭಯಕ್ಕೆ ಕಾರಣವಿತ್ತು. ಲಾರಿ ಅಪ್ಪನಿಗೂ ಅವರ ತಮ್ಮನಾದ ಕಾಕಾನಿಗೂ ಸೇರಿದ್ದು. ಈ ಸಲವೂ ಇಂಜಿನ್ ಕೆಟ್ಟರೆ ಲಾರಿ ಮಾರಿಬಿಡುವುದೆಂದು ಕಾಕಾ ಅಪ್ಪನಿಂದ ಮಾತು ತೆಗೆದುಕೊಂಡಿದ್ದರು. ಚಡಚಣದ ವ್ಯಾಪಾರಿಯೊಬ್ಬ ಬಂದು ಟಾಯರನ್ನು ಒದ್ದು ನೋಡಿಯೂ ಹೋಗಿದ್ದ. ಅವತ್ತು ಅಪ್ಪ ಊಟ ಮಾಡಲಿಲ್ಲ.

ಇಷ್ಟು ಆರೈಕೆ ಮಾಡಿದರೂ ಸೈಲೆನ್ಸರಿನಿಂದ ನೀಲಿ ಹೊಗೆ ಬರತೊಡಗಿತು. ಕೊಳವೆಯ ಬಾಯಿ ಎಣ್ಣೆಯಿಂದ ಒದ್ದೆ. ಬಹಳ ವರ್ಷಗಳಿಂದ ನಮ್ಮಲ್ಲಿದ್ದ ಡ್ರೈವರ್ ಚಾಚಾ ಒಂದು ಸಲ ಮೆಲ್ಲಗೆ ಕೇಳಿದರು: "ಸಾವ್ಕಾರ್ರ, ಭಾರ ಎಳಸದ ಹೋರಿ ಪಳಗತೈತೇನ್ರಿ?" ಇದು ಹೋರಿ ಅಲ್ಲ ಎಂದು ಅಪ್ಪ ಮಾತು ಮುಗಿಸಿದರು.

ಚಾಚಾ ಹೇಳಿದ್ದು ಸರಿ ಎಂದು ನನಗೂ ಅನಿಸಿತ್ತು. ಭಾರ ಬಿದ್ದಾಗಲೇ ಹೊಸ ರಿಂಗು ಸಿಲಿಂಡರಿನ ಗೋಡೆಗೆ ಒತ್ತಿ, ಉಜ್ಜಿ, ಹೊಂದಿಕೊಳ್ಳುವುದು. ಇಲ್ಲದಿದ್ದರೆ ಎಣ್ಣೆ ಮೇಲೇರಿ ಸುಟ್ಟು ನೀಲಿ ಹೊಗೆಯಾಗುತ್ತದೆ. ಆದರೆ ಅಪ್ಪನ ಎದುರು ವಾದಿಸುವ ರೂಢಿ ನನಗಿರಲಿಲ್ಲ. ಜೋಳ ಹಸನು ಮಾಡುತ್ತಿದ್ದ ಆಯಿಯ ಮುಂದೆ, ಅಂದರೆ ಅಪ್ಪನ ತಾಯಿಯ ಮುಂದೆ, ಹೇಳಿದೆ. ಅವಳು ಮೊರವನ್ನು ಕೆಳಗಿಟ್ಟು, ಎಣ್ಣೆ ಬಹಳ ಕುಡಿಯುತ್ತದೆಯೇ ಎಂದಷ್ಟೇ ಕೇಳಿದಳು.

ಮರುದಿನ ಅಪ್ಪ ಗೋಣಿತಟ್ಟು ಕಟ್ಟುತ್ತಿರುವಾಗ ಆಯಿ ಅಂಗಳಕ್ಕೆ ಬಂದಳು.

"ಇನ್ನ ಎಷ್ಟ ದಿನಾ ಕುಂದ್ರಸ್ತಿ ಇದನ್ನ?"

"ಬಾಣಂತಿ ಐತೆವ್ವ."

"ನಿನ್ನ ಹಡದು ನಾ ಎಷ್ಟ ದಿನಾ ಕುಂತಿದ್ನಿ? ನಿನ್ನ ತೊಟ್ಟಲದಾಗ ಹಾಕಿ ಬೀಸಾಕ ಕುಂತಾಕಿ ನಾ. ಬರೇ ಕುಂತ ಉಂಡ ಬಾಣಂತಿಗೆ ಬೊಜ್ಜ ಬರ್ತೈತಿ, ಬಲಾ ಬರೂದಿಲ್ಲ. ನಿನ್ನ ಬಾಣಂತಿ ಎಣ್ಣಿ ಕುಡದ ಹೊಗಿ ಬಿಡಾಕತ್ತಾಳ, ಕಾಣೂದಿಲ್ಲೇನ?"

ಚಾಚಾ ಟಾಯರಿನ ಗಾಳಿ ನೋಡುವ ನೆಪದಲ್ಲಿ ಮುಖ ತಿರುಗಿಸಿದರು. ಅಪ್ಪ ಕಟ್ಟಿದ ತಟ್ಟನ್ನು ಬಿಚ್ಚಿದರು.

ಮೊದಲು ಮೋರಟಗಿಯಿಂದ ಒಂದಿಷ್ಟು ಕುಸುಬಿ ಚೀಲ, ಆಮೇಲೆ ಅರ್ಧ ಲಾರಿ ಜೋಳ. ಪ್ರತಿ ಸಲವೂ ಹೊಗೆ ತುಸು ತೆಳುವಾಗುತ್ತ ಬಂತು. ಕೊನೆಗೆ ಮುದ್ದೇಬಿಹಾಳದ ಕಡೆಯಿಂದ ಲಾರಿ ತುಂಬ ಹಾಸುಗಲ್ಲು ಹೇರಿದರು. ಆ ದಿನ ಅಪ್ಪನೂ ನಾನೂ ಕ್ಯಾಬಿನ್ನಿನಲ್ಲಿದ್ದೆವು. ಬಾಗೇವಾಡಿಗೆ ಮುಂಚಿನ ಏರಿನಲ್ಲಿ ಚಾಚಾ ಗೇರ್ ಇಳಿಸಿ ಇಂಜಿನ್ನನ್ನು ದುಡಿಸಿದರು. ಸದ್ದು ದಪ್ಪಗಾಯಿತು, ನಡುಗಲಿಲ್ಲ. ನಾನು ಕಿಟಕಿಯಿಂದ ತಲೆ ಹಾಕಿ ಹಿಂದೆ ನೋಡಿದೆ. ಬರೀ ಧೂಳು.

ಏರಿನ ನೆತ್ತಿಯಲ್ಲಿ ಲಾರಿ ನಿಲ್ಲಿಸಿ ಅಪ್ಪ ಇಳಿದರು. ಹೆಗಲ ಮೇಲಿನ ಬಿಳಿ ಟವೆಲ್ಲಿನ ತುದಿಯಿಂದಲೇ ಸೈಲೆನ್ಸರಿನ ಬಾಯಿ ಒರೆಸಿ, ಅದನ್ನು ಚಾಚಾನಿಗಲ್ಲ, ನನಗೆ ತೋರಿಸಿದರು. ಮಸಿ ಪುಡಿಪುಡಿಯಾಗಿ ಉದುರಿತು.

"ಒಣಾ ಐತಿ," ಎಂದರು.

ಮತ್ತೆ ಹತ್ತಿ ಕೂತು, ಮೊದಲು ಕಾಕಾನ ಅಂಗಡಿಗೆ ನಡೆ, ಚಡಚಣದ ವ್ಯಾಪಾರಿಗೆ ಬರಬೇಡ ಎಂದು ಹೇಳಿ ಕಳಿಸೋಣ ಎಂದರು. ಕಲ್ಲು ಇಳಿಸಿ ಹೋಗುವುದೇ ಎಂದು ಚಾಚಾ ಕೇಳಿದರು.

"ಹೇರು ಹಂಗ ಇರ್ಲಿ. ನನ್ನ ತಮ್ಮ ನೋಡ್ಲಿ."