ಬಿಸಿಲಿಗೆ ಹಾಕಿದ್ದು

ವಾಮದಪದವಿನ ಅಕ್ಕನ ಮನೆಯ ಕಾರು ಹೊರಗೆ ಬರುತ್ತಿದ್ದದ್ದು ಭಾವ ಗಲ್ಫಿನಿಂದ ರಜೆಯಲ್ಲಿ ಬಂದಾಗ ಮಾತ್ರ. ಉಳಿದ ದಿನ ಶೆಡ್ಡಿನಲ್ಲಿ ಕವರು ಹೊದ್ದು ನಿಂತಿರುತ್ತಿತ್ತು. ಹಾಗಾಗಿ ಪ್ರತಿ ರಜೆಯ ಮೊದಲ ಬೆಳಗ್ಗೆ ಭಾವ ಕೀ ತಿರುಗಿಸುವುದು, ಸೆಲ್ಫ್ ಟಿಕ್ ಟಿಕ್ ಎನ್ನುವುದು, ನೆರೆಯವರು ಬಂದು ತಳ್ಳುವುದು. ಕಳೆದ ಸಲ ಅವರು ಬೆವರು ಒರೆಸುತ್ತಾ ಹೇಳಿದರು: “ಮುಂದಿನ ಸಲವೂ ಬ್ಯಾಟರಿ ಡೌನ್ ಆದರೆ ಮಾರಿಬಿಡುವ. ಶೆಡ್ಡಿನಲ್ಲಿ ಕೋಳಿ ಸಾಕಿದರೆ ಮೊಟ್ಟೆಯಾದರೂ ಸಿಗ್ತದೆ.”

ಅಕ್ಕ ನಗಲಿಲ್ಲ. ಅಥವಾ ನಕ್ಕಳೋ ಏನೋ. ನಗಲಿಲ್ಲ ಎಂದು ಬರೆದರೆ ಮುಂದಿನ ಕತೆಗೆ ಚೆನ್ನಾಗಿ ಹೊಂದುತ್ತದೆ; ಅದಕ್ಕೇ ನನಗೆ ಅನುಮಾನ.

ಭಾವ ಹೋದ ಮೇಲೆ ಅವಳು ಬಸ್ಸಿನಲ್ಲಿ ಮೂಡುಬಿದಿರೆಯ ನಮ್ಮ ಮನೆಗೆ ಬಂದು ಹೋಗುತ್ತಾ ಡ್ರೈವಿಂಗ್ ಕಲಿತಳು. ಲೈಸೆನ್ಸೂ ಬಂತು. “ಅವರು ಬರುವ ದಿನ ಬಿ.ಸಿ.ರೋಡಿನ ಬಸ್ ಸ್ಟ್ಯಾಂಡಿಗೆ ನಾನೇ ಕಾರು ತೆಗೊಂಡು ಹೋಗ್ತೇನೆ. ಅಲ್ಲಿವರೆಗೆ ಮುಟ್ಟುವುದಿಲ್ಲ. ಶೆಡ್ಡಿನಲ್ಲಿ ಸ್ಟಾರ್ಟ್ ಮಾಡಿದರೂ ಸಾಕು, ಸಂಜೆಯೊಳಗೆ ಗಲ್ಫಿಗೆ ಸುದ್ದಿ ಮುಟ್ಟಿಸುವವರು ಉಂಟು ಇಲ್ಲಿ.”

ನಾನೊಂದು ಪುಟ್ಟ ಸೋಲಾರ್ ಪ್ಯಾನೆಲ್ ತಂದೆ. ಅದರ ಕ್ಲಿಪ್ಪುಗಳನ್ನು ಬ್ಯಾಟರಿಗೆ ಕಚ್ಚಿಸಿ, ಪ್ಯಾನೆಲನ್ನು ಶೆಡ್ಡಿನ ಶೀಟಿನ ಮೇಲಿಟ್ಟೆ. ಸತ್ತ ಬ್ಯಾಟರಿಯನ್ನು ಎಬ್ಬಿಸುವ ಶಕ್ತಿ ಅದಕ್ಕಿಲ್ಲ. ಕಾರು ಸುಮ್ಮನೆ ನಿಂತಾಗ ಸೋರಿಹೋಗುವಷ್ಟನ್ನು ಹಗಲಿಡೀ ಹನಿಹನಿಯಾಗಿ ತುಂಬುತ್ತದೆ, ಅಷ್ಟೆ. ಇದನ್ನೆಲ್ಲ ವಿವರಿಸಿದ್ದೆ ಎಂದು ನನ್ನ ನೆನಪು. ಅಕ್ಕನ ನೆನಪಿನಲ್ಲಿ ನಾನು ಹೇಳಿದ್ದು ಎರಡೇ ಪದ, ತುಳುವಿನಲ್ಲಿ: “ದೊಂಬುಗು ಪಾಡೊಡು.” ಬಿಸಿಲಿಗೆ ಹಾಕಬೇಕು.

ಬಿಸಿಲಿಗೆ ಹಾಕುವುದೆಂದರೆ ನಮ್ಮಲ್ಲಿ ಹಪ್ಪಳ, ಮೆಣಸು, ಹುಣಸೆ, ಹಾಸಿಗೆ. ಗರಿಗರಿಯಾದ ಮೇಲೆ ಒಳಗೆ ತಂದು ಭದ್ರ ಮಾಡುವುದೂ ಆ ಮಾತಿನೊಳಗೇ ಇದೆ.

ಭಾವ ಬರುವ ವಾರ ಹೋಗಿ ಕೀ ತಿರುಗಿಸಿದೆ. ಟಿಕ್. ಶೀಟಿನ ಮೇಲೆ ಪ್ಯಾನೆಲ್ ಇರಲಿಲ್ಲ.

“ಒಳಗುಂಟು,” ಎಂದಳು ಅಕ್ಕ. “ಒಳ್ಳೆ ಬಿಸಿಲು ಸಿಕ್ಕಿತು, ಆಗಲೇ ತೆಗೆದಿಟ್ಟೆ.”

ಹಲಸಿನ ಹಪ್ಪಳದ ಡಬ್ಬಿಯ ಮೇಲೆ, ಮೈ ಒರೆಸುವ ಹಳೆ ಬೈರಾಸಿನಲ್ಲಿ ಸುತ್ತಿ, ಮಗುವನ್ನು ಮಲಗಿಸಿದ ಹಾಗೆ ಇಟ್ಟಿದ್ದಳು.

“ಇದೇನು ಹಪ್ಪಳವಾ ಅಕ್ಕ?”

“ಬಿಸಿಲಿಗೆ ಹಾಕು ಅಂದದ್ದು ನೀನೇ ಅಲ್ವಾ ಮಾರಾಯ! ತೆಗೀಬೇಡ ಅಂತ ಹೇಳಿದ್ಯಾ?” ಎಂದವಳು ಅಲ್ಲೇ ನೆಲದಲ್ಲಿ ಕೂತುಬಿಟ್ಟಳು. “ಇನ್ನು ಮಾರಿಯೇ ಬಿಡ್ತಾರೆ.”

ಬ್ಯಾಟರಿ ಬಿಚ್ಚಿ ರಿಕ್ಷಾದಲ್ಲಿ ಪೇಟೆಗೆ ಒಯ್ದು ಚಾರ್ಜ್ ಮಾಡಿಸಿ ತಂದೆ. ಪ್ಯಾನೆಲನ್ನು ಮತ್ತೆ ಶೀಟಿನ ಮೇಲಿಟ್ಟು ಸರಿಗೆಯಲ್ಲಿ ಬಿಗಿದೆ.

“ರಾತ್ರಿ ಮಂಜು ಬೀಳ್ತದೆ. ಒಳಗೆ ತರುವುದು ಬೇಡವಾ?”

“ಬೇಡ.”

“ಮಳೆ ಬಂದರೆ?”

“ಅದನ್ನು ಮುಟ್ಟಬೇಡ ಮಾರಾಯ್ತಿ!”

ಅವರು ಬರುವ ದಿನ ಸೆಲ್ಫ್ ಒಂದೇ ಸಲಕ್ಕೆ ಹಿಡಿಯಿತು. ಇಳಿಜಾರಿನಲ್ಲಿ ಅಕ್ಕ ಬ್ರೇಕಿನಿಂದ ಕಾಲು ತೆಗೆಯಲೇ ಇಲ್ಲ. ಬಿ.ಸಿ.ರೋಡಿನ ಬಸ್ ಸ್ಟ್ಯಾಂಡಿನ ಹತ್ತಿರ ಪೆಟ್ಟಿಗೆಗಳ ನಡುವೆ ನಿಂತಿದ್ದ ಭಾವ ತನ್ನದೇ ಕಾರನ್ನು ಕಂಡು ಮೊದಲು ನಂಬರ್ ಪ್ಲೇಟ್ ನೋಡಿದರು. ಇದನ್ನೆಲ್ಲ ನಾನು ಹಿಂದಿನ ಸೀಟಿನಿಂದ ಕಂಡಿದ್ದೇನೆ. ನಾನು ಕಾರಿನಲ್ಲಿ ಇರಲೇ ಇಲ್ಲ, ಮನೆಯಲ್ಲಿ ಕೂತು ಚಾ ಕುಡಿಯುತ್ತಿದ್ದೆ ಎನ್ನುತ್ತಾಳೆ ಅಕ್ಕ. ಇರಬಹುದು.

ಒಂದು ಮಾತ್ರ ಮೂವರೂ ಒಪ್ಪುತ್ತೇವೆ. ಭಾವ ಪೆಟ್ಟಿಗೆಗಳನ್ನು ಡಿಕ್ಕಿಗೆ ತುಂಬಿ, ರೂಢಿಯಂತೆ ಡ್ರೈವರ್ ಸೀಟಿನ ಬಾಗಿಲು ತೆರೆದು ಕೀಗೆ ಕೈಚಾಚಿದರು.

ಅಕ್ಕ ಕೀ ಕೊಡಲಿಲ್ಲ. “ಆ ಬದಿಯಿಂದ ಹತ್ತಿ,” ಎಂದಳು. “ಇಂಜಿನ್ ಆಫ್ ಮಾಡುವುದಿಲ್ಲ ನಾನು.”